ಚರಂಡಿ ನಿಂತ ಜಾಗ

೯ ಅಕ್ಟೋಬರ್ ೨೦೨೫, ಗುರುವಾರ

ಮತ್ತೆ ಮನೆಯೊಳಗೆ ನೀರು. ಮಳೆಯ ನೀರಾಗಿದ್ದರೆ ಸುಮ್ಮನಿರುತ್ತಿದ್ದೆ. ಇದು ಮೇಲಿನ ಬೀದಿಯ ನೀರು. ಅವರ ಬಚ್ಚಲಿನದು, ಕೊಟ್ಟಿಗೆಯದು, ಮುಸುರೆಯದು. ಮೇಲಿನ ಬೀದಿಗೆ ಕಾಂಕ್ರೀಟ್ ಚರಂಡಿ ಕಟ್ಟಿದ್ದಾರೆ, ಚೊಕ್ಕವಾಗಿಯೇ ಕಟ್ಟಿದ್ದಾರೆ. ಅದು ಪರಮಶಿವಯ್ಯನವರ (ನಮ್ಮ ಕೇರಿಯ ಬಾಯಲ್ಲಿ 'ಸಾಮ್ಯಾರು') ಕಾಂಪೌಂಡಿನ ತನಕ ಬಂದು ಅಲ್ಲಿಗೆ ನಿಂತುಬಿಡುತ್ತದೆ. ಅಲ್ಲಿಂದ ಈಚೆಗೆ ನಮ್ಮ ಕಾಲೋನಿ. ಚರಂಡಿ ನಿಂತರೆ ನೀರು ನಿಲ್ಲುತ್ತದೆಯೇ? ನೀರಿಗೆ ಜಾತಿ ಗೊತ್ತಿಲ್ಲ. ಕಟ್ಟಿಸಿದವರಿಗೆ ಗೊತ್ತಿತ್ತು.

ಅವ್ವ ಸೀರೆ ಎತ್ತಿ ಕಟ್ಟಿಕೊಂಡು ಚೊಂಬಿನಿಂದ ಕೊಚ್ಚೆ ಎತ್ತಿ ಬಾಗಿಲಾಚೆ ಎರಚುತ್ತಿದ್ದಳು. ರಾಗಿ ಹಿಟ್ಟಿನ ಡಬ್ಬ ಮಂಚದ ಮೇಲೆ. ಪಕ್ಕದ ಮನೆಯ ಭೈರಮ್ಮಜ್ಜಿ ಹೊಸಿಲ ಮೇಲೆ ಕೂತು, "ಸಿಲ್ಪಾ, ಇವತ್ತು ಸಾಮ್ಯಾರ ಮನೇಲಿ ಹಾಗಲಕಾಯಿ ಗೊಜ್ಜು ಕಣೇ. ತಿರುಳು, ಬೀಜ ಎಲ್ಲಾ ತೇಲ್ಕಂಡ್ ಬಂತು" ಅಂದಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಕೊಚ್ಚೆಯಲ್ಲಿ ನಿಂತು ನಗುವ ಜನರನ್ನು ಯಾರು ಎಬ್ಬಿಸಬೇಕು?

ನಾನೇ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ದಲಿತ ಸಂಘದವರು ಮಾರುವ ಕಿರುಹೊತ್ತಿಗೆಗಳನ್ನೆಲ್ಲ ಓದಿದ್ದೇನೆ. ಪಿಯುಸಿಯಲ್ಲಿ ಕಲಿಯದ್ದನ್ನು ಅವು ಕಲಿಸಿವೆ. ಈ ನೋಟ್‌ಬುಕ್ಕನ್ನು ಇವತ್ತು ಶುರು ಮಾಡುತ್ತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ. ಸಿಟ್ಟು ಆರಬಾರದು, ಅಷ್ಟೇ.

೧೩ ಅಕ್ಟೋಬರ್, ಸೋಮವಾರ

ಪಂಚಾಯಿತಿ ಆಫೀಸಿಗೆ ಹೋಗಿದ್ದೆ. ಅಧ್ಯಕ್ಷರು ಗುರುಶಾಂತಮ್ಮ. ಅವರ ಕುರ್ಚಿಯಲ್ಲಿ ಅವರ ಯಜಮಾನರು ಪರಮಶಿವಯ್ಯ ಕೂತು ಕಾಫಿ ಕುಡಿಯುತ್ತಿದ್ದರು. ತೋಟ ಅವರದು. ಕೊಬ್ಬರಿ ಒಡೆಸುವ ಅಂಗಳ ಅವರದು. ನಮ್ಮ ಅವ್ವಂದಿರ ಕೂಲಿ ಅವರ ಕೈಯಲ್ಲಿ. ಕುರ್ಚಿ ಒಂದು ಬಾಕಿ ಇತ್ತು, ಅದೂ ಸಿಕ್ಕಿದೆ.

ನಾನು ಅವರ ಕಡೆ ನೋಡದೆ ಪಿಡಿಓ ಸೂರ್ಯಪ್ರಕಾಶ್ ಅವರ ಮೇಜಿನ ಮುಂದೆ ನಿಂತೆ. ಪಂಚಾಯಿತಿಯ ಹಣದಲ್ಲಿ ಒಂದು ಪಾಲು ಪರಿಶಿಷ್ಟರ ಕೇರಿಗೆಂದೇ ಮೀಸಲು. ಮುಂದಿನ ವರ್ಷದ ಯೋಜನೆಯಲ್ಲಿ ಆ ಪಾಲಿಗೆ ಏನು ಕೆಲಸ ಬರೆದಿದ್ದೀರಿ ಎಂದು ಕೇಳಿದೆ.

"ಐತಲ್ಲಮ್ಮ, ದೊಡ್ಡ ಕೆಲ್ಸನೇ ಐತೆ. ಕಣ."

"ಯಾತರ ಕಣ?"

"ಕಾಂಕ್ರೀಟ್ ಕಣ. ಕೊಬ್ಬರಿ ಒಣಗಿಸೋಕೆ. ನಿಮ್ಮ ಕಾಲೋನಿ ಬಾಯಲ್ಲೇ ಬರುತ್ತೆ. ಬೋರ್ಡಲ್ಲೂ ನಿಮ್ಮ ಕಾಲೋನಿ ಹೆಸ್ರೇ."

"ನಮ್ಮ ಕಾಲೋನೀಲಿ ಯಾರಿಗೆ ತೋಟ ಐತೆ ಸಾರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದೆ ಆಗಬೌದಲ್ಲಮ್ಮ."

ಚರಂಡಿ ಬೇಕು ಎಂದೆ. ಗ್ರಾಮಸಭೆಯಲ್ಲಿ ಹೇಳಿ, ಸಭೆ ಹೇಳಿದ್ದೇ ಯೋಜನೆ ಎಂದರು. ಸಭೆ ಮೂವತ್ತನೇ ತಾರೀಕು, ವೀರಭದ್ರನ ಗುಡಿಯ ಪೌಳಿಯಲ್ಲಿ. ಮಾರನೆಯ ದಿನವೇ ಎಲ್ಲ ತಾಲ್ಲೂಕಿಗೆ ಹೋಗಬೇಕಂತೆ. ಪರಮಶಿವಯ್ಯ ಕಾಫಿ ಲೋಟ ಕೆಳಗಿಟ್ಟು, "ಮಂಜಮ್ಮನ ಮಗಳಲ್ವಾ? ಚೆನ್ನಾಗಿ ಮಾತಾಡ್ತೀಯ ಕಣಮ್ಮ" ಎಂದರು. ಅದು ಹೊಗಳಿಕೆ ಅಲ್ಲ. ಅವ್ವನ ಹೆಸರು ಹೇಳಿದ್ದು ಸುಮ್ಮನೆ ಅಲ್ಲ.

೧೪ ಅಕ್ಟೋಬರ್

ಮೂವತ್ತನೇ ತಾರೀಕು ಯಾಕೆ ಎಂದು ಇವತ್ತು ಗೊತ್ತಾಯಿತು. ತಿಪಟೂರಿನ ಕೊಬ್ಬರಿ ಹರಾಜಿನ ಹಿಂದಿನ ದಿನ ಅದು. ಆವತ್ತು ಕಾಲೋನಿಯ ಹೆಂಗಸರೆಲ್ಲ ಬೆಳಿಗ್ಗೆಯಿಂದ ಅಂಗಳದಲ್ಲಿ ಕೊಬ್ಬರಿ ಒಡೆಯುತ್ತಿರುತ್ತಾರೆ. ಪ್ರತಿ ವರ್ಷ ಹೀಗೇ ಅಂತೆ. ಸಭೆ ಗುಡಿಯಲ್ಲಿ, ಹೆಂಗಸರು ಅಂಗಳದಲ್ಲಿ. ಮಧ್ಯಾಹ್ನ ಹಾಜರಿ ಪುಸ್ತಕ ಅಂಗಳಕ್ಕೆ ಬರುತ್ತದೆ. ಕೈ ಒರೆಸಿಕೊಂಡು ಸಹಿ ಹಾಕುತ್ತಾರೆ, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಪುಸ್ತಕ ಗುಡಿಗೆ ವಾಪಸ್. ಸಭೆಗೆ ಕಾಲೋನಿಯವರೆಲ್ಲ ಬಂದಿದ್ದರು, ಒಪ್ಪಿದರು!

"ಯಾಕವ್ವ ಒತ್ತೀಯ?" ಎಂದೆ.

"ಗುಡಿ ತಾವ ಹೋದ್ರೆ ಪೌಳಿ ಮೇಲಕ್ಕೆ ಕರೀತಾರಾ? ಬಿಸ್ಲಲ್ಲಿ ಕೆಳಗ್ ನಿಂತ್ಕಂಡು, ಅವ್ರು ಏನ್ ಅಂದ್ರು ಅಂತ್ಲೂ ಕೇಳ್ದೆ ಬರ್ಬೇಕು. ಇಲ್ಲಾದ್ರೆ ಕೂಲಿನಾದ್ರೂ ಬತ್ತದೆ."

"ನಿನ್ನ ಹೆಬ್ಬೆಟ್ಟಿನಿಂದಲೇ ನಮ್ಮ ಮನೆಗೆ ಕೊಚ್ಚೆ ನುಗ್ತಿರೋದು" ಎಂದೆ.

ಅವಳು ತಟ್ಟೆಗೆ ಮುದ್ದೆ ಹಾಕಿ ನನ್ನ ಮುಂದೆ ತಳ್ಳಿದಳು. ಹೇಳಿದ್ದು ತಪ್ಪಲ್ಲ. ಗುಲಾಮರಿಗೆ ಗುಲಾಮಗಿರಿ ಅಭ್ಯಾಸವಾಗುವುದೇ ದೊಡ್ಡ ರೋಗ ಎಂದು ಹೊತ್ತಿಗೆಯಲ್ಲಿದೆ. ಆ ರೋಗಕ್ಕೆ ಅವ್ವನಾದರೇನು, ಅಜ್ಜಿಯಾದರೇನು.

೧೮ ಅಕ್ಟೋಬರ್, ಶನಿವಾರ

ಜನರ ನಡುವೆ ಹೋಗಬೇಕು ಎಂದು ನಾನೂ ಅಂಗಳಕ್ಕೆ ಕೂಲಿಗೆ ಹೋದೆ. ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲೆ ಇದ್ದ ಕಾಯಿ ಅವು. ಒಳಗೆ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಮಚ್ಚಿನಿಂದ ಚಿಪ್ಪು ಮಾತ್ರ ಒಡೆಯಬೇಕು, ಒಳಗಿನ ಕೊಬ್ಬರಿ ಉಂಡೆ ಇಡಿಯಾಗಿ ಬರಬೇಕು. ನಾನು ಒಡೆದ ಮೊದಲನೆಯದು ಎರಡು ಹೋಳಾಯಿತು. ಎರಡನೆಯದು ಚೂರು. ಮೂರನೆಯದರಲ್ಲಿ ಬೆರಳು ಉಳಿದದ್ದೇ ಹೆಚ್ಚು.

"ಏನಮ್ಮಿ, ಬಾಷಣ ಮಾಡ್ದಂಗೆ ಹೊಡೀತೀಯ. ಸುತ್ತ ತಟ್ಟು, ಮೆತ್ತುಗೆ" ಎಂದಳು ಭೈರಮ್ಮಜ್ಜಿ.

ಕಾಲೋನಿಯ ಕೊನೆಯ ಮನೆಯ ರಂಗಕ್ಕ, "ಬುಡಜ್ಜಿ, ಅವ್ಳು ಕಾಯಿ ಒಡೀತಿಲ್ಲ, ಸಾಮ್ಯಾರ ತಲೆ ಅನ್ಕಂಡವ್ಳೆ" ಎಂದಳು. ಅಂಗಳವೆಲ್ಲ ನಗು. ನಾನೂ ನಕ್ಕುಬಿಟ್ಟೆ. ಆಮೇಲೆ ಬೇಸರವಾಯಿತು.

೨೪ ಅಕ್ಟೋಬರ್, ಶುಕ್ರವಾರ

ಊಟದ ಹೊತ್ತಿನಲ್ಲಿ ಕಿರುಹೊತ್ತಿಗೆ ಓದಿ ಹೇಳಿದೆ. ಸಮಾನತೆ, ಮೀಸಲು ಪಾಲು, ನಮ್ಮ ಹಣ ನಮ್ಮ ಕೇರಿಗೇ ಬೀಳಬೇಕಾದ ಕಾರಣ. ಬಾಯಿ ಒಣಗುವ ತನಕ ಹೇಳಿದೆ. ಅರ್ಧ ಜನ ಎಲೆ ಅಡಿಕೆ ಹಾಕಿಕೊಂಡು ಚಿಪ್ಪಿನ ರಾಶಿಗೆ ಒರಗಿದ್ದರು. ಸಭೆಗೆ ಇಂತಿಷ್ಟು ಜನ, ಅದರಲ್ಲಿ ಇಂತಿಷ್ಟು ಹೆಂಗಸರು, ನಮ್ಮ ಕೇರಿಯವರು ಇರಲೇಬೇಕು, ಇಲ್ಲದಿದ್ದರೆ ಸಭೆಯೇ ಆಗುವುದಿಲ್ಲ ಎಂದು ನಡುವೆ ಒಂದು ಮಾತು ಬಂತು. ಅವ್ವ ತಲೆ ಎತ್ತಿದಳು.

"ಇನ್ನೊಂದ್ಸಲ ಓದು."

ಓದಿದೆ.

"ಅಂಗಾದ್ರೆ ನಮ್ಮ ಎಬ್ಬೆಟ್ಟು ಬೀಳ್ದೆ ಅವ್ರ ಸಭೆ ನಡಿಯಕ್ಕಿಲ್ವಾ?" ಎಂದಳು ಭೈರಮ್ಮಜ್ಜಿ.

"ಅದಲ್ಲಜ್ಜಿ ಮುಖ್ಯ" ಎಂದು ಮುಂದಿನ ಪುಟಕ್ಕೆ ಹೋದೆ. ಯಾರೂ ಕೇಳುತ್ತಿರಲಿಲ್ಲ. ತಮ್ಮತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತಿದ್ದರು. ಇಡೀ ಹಕ್ಕುಗಳ ಪುಸ್ತಕ ಓದಿದರೆ ಇವರಿಗೆ ಹಿಡಿಸಿದ್ದು ಹಾಜರಿಯ ಸಾಲು! ಯಾರಿಗೆ ಹೇಳಲಿ.

೨೮ ಅಕ್ಟೋಬರ್

ಸಭೆಯ ದಿನ ಹನ್ನೊಂದಕ್ಕೆ ಎಲ್ಲರೂ ಎದ್ದು ಮೆರವಣಿಗೆಯಲ್ಲಿ ಗುಡಿಗೆ ಹೋಗೋಣ ಎಂದೆ. ಘೋಷಣೆಗಳನ್ನೂ ಬರೆದಿದ್ದೇನೆ. "ನೋಡನ ಬುಡು" ಎಂದರು. ಅಂದರೆ ಬರುವುದಿಲ್ಲ ಎಂದು. ಹೇಡಿಗಳು. ಒಬ್ಬಳೇ ಆದರೂ ಹೋಗುತ್ತೇನೆ.

೩೦ ಅಕ್ಟೋಬರ್, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಹನ್ನೊಂದಕ್ಕೆ ಎದ್ದು ನಿಂತು, "ಏಳಿ, ಸಭೆಗೆ ನಡೀರಿ!" ಎಂದು ಕೂಗಿದೆ. ಮಚ್ಚಿನ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ಯಾರೂ ಏಳಲಿಲ್ಲ. ಸೆರಗೆಳೆದು ನನ್ನನ್ನು ಕೂರಿಸಿದವಳು ಅವ್ವನೇ. "ಕೂತ್ಕಳೇ. ಪುಸ್ತಕ ಬರ್ಲಿ."

ಮಧ್ಯಾಹ್ನ ಪುಸ್ತಕ ಬಂತು. ತಂದವರು ಲಕ್ಕಯ್ಯ. ನಮ್ಮ ಕಾಲೋನಿಯವರೇ, ಮೀಸಲು ಸೀಟಿನ ಮೆಂಬರು, ಪರಮಶಿವಯ್ಯನವರ ಬೈಕಿನ ಹಿಂದೆ ಕೂತೇ ಓಡಾಡುವವರು. "ಬೇಗ್ ಬೇಗ್ ಒತ್ರಮ್ಮ" ಎಂದು ಸಾಲಿನ ಮೊದಲಿಗಿದ್ದ ಅವ್ವನ ಮುಂದೆ ಪುಸ್ತಕ ಬಿಚ್ಚಿ ಇಟ್ಟರು.

ಅವ್ವ ಮಚ್ಚು ಕೆಳಗಿಡಲಿಲ್ಲ. "ಸಭೆ ಎಲ್ ನಡೀತೈತೆ ಲಕ್ಕಣ್ಣ?"

"ಗುಡಿ ತಾವ."

"ನಾನೆಲ್ಲಿವ್ನಿ?"

"ಇಲ್ಲಿದ್ದೀಯ."

"ಇಲ್ಲಿರೋಳು ಗುಡಿ ತಾವ ಇವ್ನಿ ಅಂತ ಹೆಂಗ್ ಒತ್ಲಿ? ಸುಳ್ಳಾಗಕ್ಕಿಲ್ವಾ?"

ಲಕ್ಕಯ್ಯ ನಕ್ಕರು. "ವರ್ಸಾ ವರ್ಸಾ ಒತ್ತಿದ್ದು?"

"ಅದ್ಕೇ ಈ ವರ್ಸ ಬ್ಯಾಡ."

ಅವರು ಪುಸ್ತಕವನ್ನು ರಂಗಕ್ಕನ ಕಡೆ ತಿರುಗಿಸಿದರು. ರಂಗಕ್ಕ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಳು. ಭೈರಮ್ಮಜ್ಜಿ ಹೆಬ್ಬೆರಳನ್ನು ಮುಖದ ಹತ್ತಿರ ಹಿಡಿದು ನೋಡಿ, "ಇದು ಇವತ್ತು ರಜಾ ಹಾಕೈತೆ ಕಣಪ್ಪ" ಎಂದಳು. ಸಾಲು ಪೂರ್ತಿ ಹಾಗೇ ಆಯಿತು. ಲಕ್ಕಯ್ಯನ ನಗು ಹೋಯಿತು.

"ಅಂಗಾದ್ರೆ ಎದ್ದು ಗುಡಿ ತಾವ ಬನ್ನಿ."

"ಬತ್ತೀವಿ. ಕೂಲಿ ಹಿಡೀದೆ ಕಳಿಸ್ತಾರಾ ಕೇಳ್ಕಂಡ್ ಬಾ. ನಾಳೆ ಹರಾಜಿಗೆ ಈ ರಾಶಿ ಯಾರ್ ಒಡೀತಾರೆ, ಅದ್ನೂ ಕೇಳ್ಕಂಡ್ ಬಾ. ಇಲ್ದಿದ್ರೆ ಸಭೇನೇ ಇಲ್ಲಿಗ್ ಬರ್ಲಿ" ಎಂದಳು ಅವ್ವ.

ಸ್ವಲ್ಪ ಹೊತ್ತಿಗೆ ಪರಮಶಿವಯ್ಯ ಬಂದರು, ಹಿಂದೆಯೇ ಸೂರ್ಯಪ್ರಕಾಶ್. ಇವರಿಲ್ಲದೆ ಸಭೆ ಆಯಿತು ಎಂದು ಬರೆಯಲು ಈಗ ತಮ್ಮಿಂದಾಗುವುದಿಲ್ಲ, ನಾಳೆ ಯೋಜನೆ ತಾಲ್ಲೂಕಿಗೆ ಕಳಿಸದಿದ್ದರೆ ಊರಿನ ಒಂದು ಕೆಲಸವೂ ಇಲ್ಲ ಎಂದು ಪಿಡಿಓ ಮೆಲ್ಲಗೆ ಹೇಳುತ್ತಿದ್ದರು. ಪರಮಶಿವಯ್ಯ ಒಡೆಯದೆ ಬಿದ್ದಿದ್ದ ಕಾಯಿಯ ಗುಡ್ಡೆ ನೋಡಿದರು. ನಮ್ಮನ್ನು ನೋಡಿದರು. ಗುಡಿಗೆ ಕಳಿಸಿದರೆ ಹರಾಜು ತಪ್ಪುತ್ತದೆ. ಕಳಿಸದಿದ್ದರೆ ಸಭೆ ತಪ್ಪುತ್ತದೆ. ನಾವು ಬರದಿರಲಿ ಎಂದು ಅವರೇ ಆರಿಸಿದ ದಿನ ಅದು!

ಸಭೆ ಅಂಗಳಕ್ಕೆ ಬಂತು. ಗುಡಿಯಿಂದ ಕುರ್ಚಿ ಹೊತ್ತು ತಂದರು. ಚಿಪ್ಪಿನ ನಡುವೆ ಒಂದೂ ನೆಟ್ಟಗೆ ನಿಲ್ಲಲಿಲ್ಲ. ಮೇಲಿನ ಬೀದಿಯವರು ಪಂಚೆ ಎತ್ತಿಕೊಂಡು ಅಲ್ಲಲ್ಲೇ ನಿಂತರು. ಗುರುಶಾಂತಮ್ಮನವರು ಒಂದು ಗೋಣಿಮೂಟೆಯ ಮೇಲೆ ಕೂತರು. ನಾವು ನಮ್ಮ ಜಾಗದಲ್ಲೇ ಇದ್ದೆವು.

ಕಣದ ಬಗ್ಗೆ ಪರಮಶಿವಯ್ಯ ಶುರು ಮಾಡಿದರು. ಕಾಲೋನಿಯ ಏಳಿಗೆ, ಹೆಂಗಸರಿಗೆ ಕೆಲಸ, ಅದು ಇದು. ಭೈರಮ್ಮಜ್ಜಿ ನಡುವೆಯೇ ಕೇಳಿದಳು: "ಅದ್ಯಕ್ಸರು ಯಾರು ಸಾಮಿ? ನೀವಾ, ಅವ್ವಾರಾ? ನಾವ್ ಓಟ್ ಹಾಕಿದ್ದು ಯಾರಿಗೆ ಅಂತ ವಸಿ ಮರ್ತೋಗದೆ."

ಮೇಲಿನ ಬೀದಿಯವರೇ ಕೆಲವರು ಕೆಮ್ಮಿದರು, ನಗು ತಡೆಯಲು. ಗುರುಶಾಂತಮ್ಮ ಗಂಡನ ಕಡೆ ತಿರುಗದೆ, "ನೀವ್ ಸುಮ್ನಿರಿ. ಹೇಳು ರಂಗಕ್ಕ" ಎಂದರು.

"ಕಣ ಯಾರಿಗ್ ಬೇಕೋ ಅವ್ರ ತೋಟದಲ್ ಕಟ್ಕಳ್ಳಿ, ಅವ್ರ ದುಡ್ಡಲ್ಲಿ. ನಮ್ ಪಾಲಿಗೆ ನಮ್ಗೆ ಚರಂಡಿ. ಸಾಮ್ಯಾರ ಕಾಂಪೌಂಡಿನಿಂದ ಹಿಡ್ದು ಹಳ್ಳದ ತಂಕ. ನಿಮ್ಮನೇಲಿ ಏನ್ ಸಾರು ಅಂತ ನಮ್ಗೆ ತಿಳ್ಕಳೋ ಆಸೆ ಇಲ್ಲ ಕಣ್ರವ್ವ."

ಒಪ್ಪುವವರು ಕೈ ಎತ್ತಿ ಎಂದರು ಸೂರ್ಯಪ್ರಕಾಶ್. ಎತ್ತಿದೆವು. "ಮಚ್ಚು ಕೆಳಗಿಟ್ಟು ಎತ್ರಮ್ಮ" ಎಂದರು. ಕೆಳಗಿಟ್ಟು ಎತ್ತಿದೆವು.

ಗುರುಶಾಂತಮ್ಮ "ಬರ್ಕೊಳ್ಳಿ" ಎಂದರು. ಚರಂಡಿ, ಹಳ್ಳದ ತನಕ. ಕಣ ಹೊಡೆದು ಹಾಕಿದರು. ಸೂರ್ಯಪ್ರಕಾಶ್ ಬರೆದದ್ದನ್ನು ಅವ್ವ ನನ್ನ ಕೈಲಿ ಓದಿಸಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಎಲ್ಲರೂ ಕೂತು ಸಂಜೆಯ ತನಕ ಕಾಯಿ ಒಡೆದು ಮೂಟೆ ತುಂಬಿಸಿದರು. ಒಂದು ಕಾಯಿಯೂ ಬಾಕಿ ಉಳಿಸಲಿಲ್ಲ.

ಸಭೆಯಲ್ಲಿ ನಾನೇನು ಮಾತಾಡಿದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ. ಬರುತ್ತಿಲ್ಲ.

೩ ನವೆಂಬರ್, ಸೋಮವಾರ

ಅಂಗಳದ ಗೇಟಿಗೆ ಬೀಗ. "ಹೇಳಿ ಕಳಿಸ್ತಾರಂತೆ" ಎಂದ ಕಾವಲಿನವನು.

೮ ನವೆಂಬರ್

ಹೇಳಿ ಕಳಿಸಲಿಲ್ಲ. ತುರುವೇಕೆರೆ ಕಡೆಯಿಂದ ಟಾಟಾ ಏಸ್ ಗಾಡಿಯಲ್ಲಿ ಹೆಂಗಸರು ಬಂದು ಇಳಿದರು. ನಮ್ಮಂಥವರೇ. ನಮ್ಮ ಬೀದಿಯ ಮೇಲೇ ಹೋದರು. ಒಬ್ಬಳು ಕುಡಿಯಲು ನೀರು ಕೇಳಿದಳು. ಅವ್ವ ಕೊಟ್ಟಳು. ಅವರ ಮೇಲೆ ಕೂಗಾಡಬೇಕು ಅನ್ನಿಸಲಿಲ್ಲ ನನಗೆ.

೧೨ ನವೆಂಬರ್, ಬುಧವಾರ

ರೇಷನ್ ಅಕ್ಕಿ, ಹಿತ್ತಲ ಸೊಪ್ಪು. ರಂಗಕ್ಕ ಕಿವಿಯ ಓಲೆ ಬಿಚ್ಚಿಟ್ಟಿದ್ದಾಳೆ. ಕೇಳಿದರೆ, "ಭಾರ ಆಗಿದ್ವು ಕಣೇ" ಎಂದಳು.

ಇವತ್ತು ಲಕ್ಕಯ್ಯ ಬಂದು ನಮ್ಮ ಜಗಲಿಯ ಮೇಲೆ ಕೂತರು. ಚರಂಡಿ ಮುಂದಿನ ವರ್ಷ ಮಾಡಿಸಿಕೊಳ್ಳುತ್ತೇವೆ, ಈ ವರ್ಷ ಕಣವೇ ಆಗಲಿ ಎಂದು ಎಲ್ಲರೂ ಒಂದು ಕಾಗದ ಬರೆದುಕೊಟ್ಟರೆ ನಾಳೆಯಿಂದಲೇ ಕೆಲಸ. ಪರಮಶಿವಯ್ಯನವರಿಗೆ ಯಾರ ಮೇಲೂ ಸಿಟ್ಟಿಲ್ಲವಂತೆ.

ಮೊದಲು ಮಾತಾಡಿದವಳು ನಾನು. "ಒಂದು ವರ್ಷ ತಾನೇ. ಯೋಚನೆ ಮಾಡೋಣ" ಎಂದೆ. ಹೋರಾಟದಲ್ಲಿ ಒಂದು ಹೆಜ್ಜೆ ಹಿಂದಿಡುವುದೂ ತಂತ್ರವೇ. ಹೊತ್ತಿಗೆಯಲ್ಲಿ ಇದೆಯೋ ಇಲ್ಲವೋ ನೋಡಬೇಕು. ಅವ್ವನ ತಟ್ಟೆಯಲ್ಲಿ ಎರಡು ದಿನದಿಂದ ಏನಿರುತ್ತದೆ ಎಂದು ನನಗೆ ಗೊತ್ತು.

ಭೈರಮ್ಮಜ್ಜಿ ನನ್ನನ್ನೇ ನೋಡಿದಳು. "ಪಿಯುಸಿ ಓದಿದ್ದು ಇದ್ಕಾ?"

ಅವ್ವ ನನ್ನ ಪರವಾಗಿ ಮಾತಾಡಲಿಲ್ಲ, ಬಯ್ಯಲೂ ಇಲ್ಲ. ಲಕ್ಕಯ್ಯನಿಗೆ, "ಶೆಟ್ಟಿಕೆರೇಲೂ ಕಾಯಿ ಒಡಿಸ್ತಾರೆ ಲಕ್ಕಣ್ಣ. ನಾಳೆಯಿಂದ ಬಸ್ಸಿಗ್ ಹೋಗ್ತೀವಿ. ಹೆಂಗಸ್ರಿಗೆ ಬಸ್ಸು ಪುಕ್ಕಟೆ. ಕಾಗದ ನೀನೇ ಮಡೀಕ" ಎಂದಳು.

೧೩ ನವೆಂಬರ್

ನಾನೂ ಹೋದೆ. ಬಸ್ಸಿನಲ್ಲಿ ನಿಂತೇ ಹೋದೆವು. ಇವತ್ತು ಒಂದೂ ಒಡೆಯಲಿಲ್ಲ, ಅಂದರೆ ಉಂಡೆ.

೨೬ ನವೆಂಬರ್, ಬುಧವಾರ

ಅಳತೆ ಮಾಡಲು ಇಂಜಿನಿಯರ್ ಬಂದ. ಉಜ್ವಲ್ ಎಂದು ಹೆಸರು, ನನ್ನ ವಾರಿಗೆಯವನೇ ಇರಬೇಕು. ಟೇಪು, ಒಂದು ಚೀಲ ಸುಣ್ಣದ ಪುಡಿ, ಜೊತೆಗೆ ಲಕ್ಕಯ್ಯ. ಕಾಂಪೌಂಡಿನ ತುದಿಯಿಂದ ಬಿಳಿ ಗೆರೆ ಎಳೆಯುತ್ತ ಬಂದರು. ಮೊದಲ ಮನೆ, ಎರಡನೆಯ ಮನೆ, ಭೈರಮ್ಮಜ್ಜಿಯ ಮನೆ, ನಮ್ಮ ಮನೆ. ಗೆರೆ ನಮ್ಮ ಬಾಗಿಲ ಮುಂದೆ ಹಾದುಹೋಯಿತು.

ನಮ್ಮ ಮನೆ ದಾಟಿ ಆರಡಿ ಹೋಗಿ ನಿಲ್ಲಿಸಿದ.

"ಇಲ್ಲಿಗೆ ಸಾಕಂತೆ. ಉಳಿದದ್ದು ಮುಂದೆ ನೋಡೋಣ ಅಂದಿದ್ದಾರೆ" ಎಂದ.

ಲಕ್ಕಯ್ಯ ಅವ್ವನ ಹತ್ತಿರ ಬಂದು, "ನಿಮ್ಮನೆ ದಾಟ್ತಲ್ಲ ಮಂಜಕ್ಕ, ಇನ್ನೇನ್ ಬೇಕು" ಎಂದರು.

ಅವ್ವ ಗೆರೆ ನಿಂತ ಜಾಗ ನೋಡಿದಳು. ಅದರ ಕೆಳಗೆ ರಂಗಕ್ಕನ ಸಾಲು, ಆಚೆಗೆ ಹಳ್ಳ. ಎಲ್ಲ ನೀರೂ ಒಟ್ಟಾಗಿ ಇಲ್ಲಿಗೆ ಬಂದು ಇಲ್ಲಿಂದ ಅವರ ಮನೆಗಳಿಗೆ ನುಗ್ಗುತ್ತದೆ. ನಮ್ಮ ಬಚ್ಚಲ ನೀರೂ.

"ನಮ್ಮನೆ ಕೊಚ್ಚೆ ರಂಗಕ್ಕನ ಮನೆಗೆ ಬುಡಕ್ಕಾ ನಾನು ಕೂಲಿ ಕಳ್ಕಂಡಿದ್ದು?" ಎಂದಳು. ಎಂದವಳೇ ಇಂಜಿನಿಯರನ ಕಾಲ ಬಳಿಯಿದ್ದ ಸುಣ್ಣದ ಚೀಲ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಬಗ್ಗಿ, ಮನೆ ಮುಂದೆ ರಂಗೋಲಿ ಎಳೆಯುವ ಹಾಗೆಯೇ ಎಳೆಯುತ್ತ ಕೆಳಕ್ಕೆ ಹೊರಟಳು. ಅವಳ ಕೈ ಸೋತಾಗ ರಂಗಕ್ಕ ಈಸಿಕೊಂಡಳು. ಮನೆಗಳಿಂದ ಹೆಂಗಸರು ಹೊರಗೆ ಬಂದರು. ಗೆರೆಯ ದಾರಿಯಲ್ಲಿದ್ದ ಕೊಡ, ಸೌದೆ, ಕೋಳಿಪಂಜರ, ಯಾರದೋ ಮಂಚ, ಇವನ್ನೆಲ್ಲ ನಾನು ಮುಂದೆ ಮುಂದೆ ಎತ್ತಿಡುತ್ತ ಹೋದೆ.

"ಅಮ್ಮಾ, ಅದು ಪ್ಲಾನಲ್ಲಿಲ್ಲ" ಎಂದು ಉಜ್ವಲ್ ಹಿಂದಿನಿಂದ ಕೂಗಿದ.

"ಪ್ಲಾನ್ ಬರ್ಸಿದ್ದೇ ನಾವು. ಹಳ್ಳದ ತಂಕ ಅಂತ ಐತೆ, ನಿನ್ ಕಾಗ್ದ ಬಿಚ್ಚಿ ನೋಡಪ್ಪ" ಎಂದಳು ಅವ್ವ.

"ಮಳೆ ಬಂದ್ರೆ ಅಳಿಸ್ಹೋಗ್ತದೆ ಕಣಮ್ಮಿ" ಎಂದರು ಲಕ್ಕಯ್ಯ.

"ಅಳಿಸ್ಲಿ. ಇನ್ನೊಂದ್ಸಲ ಎಳೀತೀವಿ."

ಗೆರೆ ಹಳ್ಳದ ದಡ ಮುಟ್ಟಿತು. ನೆಟ್ಟಗಿರಲಿಲ್ಲ, ರಂಗಕ್ಕನ ಮನೆ ಹತ್ತಿರ ಸೊಟ್ಟಗಾಗಿತ್ತು. ಭೈರಮ್ಮಜ್ಜಿ ಕೋಲೂರಿಕೊಂಡು ಇಡೀ ಉದ್ದ ನಡೆದು ಬಂದು ನೋಡಿದಳು. ಮೇಲೆ ಕಾಂಪೌಂಡಿನ ಹತ್ತಿರ ಪರಮಶಿವಯ್ಯ ನಿಂತಿದ್ದರು.

ಉಜ್ವಲ್ ಕಾಗದ ಬಿಚ್ಚಿ ಓದಿದ. ಮತ್ತೊಮ್ಮೆ ಓದಿದ. ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ನಮ್ಮ ಮನೆಯಾಚೆ, ತಾನು ನಿಲ್ಲಿಸಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಟೇಪಿನ ತುದಿ ಬಿಚ್ಚಿದ. "ಯಾರಾದ್ರೂ ಇದನ್ನ ಹಿಡ್ಕೊಂಡು ಕೆಳಗೆ ಹೋಗಿ" ಎಂದ.

ಹಿಡಿದುಕೊಂಡು ಹೋದೆ.